ಪೆರ್ಸಿಯೊ ಮೇಷ್ಟ್ರು ಕದಲಿಸಿದ ಮರ

ಪೆರ್ಸಿಯೊ ಮೇಷ್ಟ್ರು ಮೂವತ್ತು ವರ್ಷಗಳಲ್ಲಿ ಬಾಹಿಯಾ ಚಿಕಾದ ಅರ್ಧ ಊರಿನ ಸಿಟ್ಟು ಸಂಪಾದಿಸಿದ್ದರು, ಅದೂ ಯಾರಿಗೂ ಒಂದು ಕೆಟ್ಟ ಮಾತು ಆಡದೆ. ಅವರು ಮಾಡಿದ ತಪ್ಪು ಇಷ್ಟೇ: ಕಂಡದ್ದನ್ನು ಕಂಡ ಹಾಗೆ ಚಿತ್ರ ಬರೆಯುತ್ತಿದ್ದರು. ಪಾದ್ರಿಗಳ ಮನೆ ಬರೆದರೆ ಛಾವಣಿಯ ತಗಡಿನ ತೂತೂ ಬರುತ್ತಿತ್ತು. ಕಡಲ ದಂಡೆ ಬರೆದರೆ ಅಲ್ಲಿ ಸತ್ತು ಬಿದ್ದ ನಾಯಿಯೂ ಬರುತ್ತಿತ್ತು. ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಅಂಗಡಿಯ ನೂರಿಸ್ ಒಮ್ಮೆ ಆಸೆಪಟ್ಟು ತನ್ನ ಮನೆಯ ಚಿತ್ರ ಬರೆಸಿಕೊಂಡಳು. ಚಿತ್ರದ ನಟ್ಟನಡುವೆ, ಹಿತ್ತಲ ಹಗ್ಗದ ಮೇಲೆ, ಆಕೆಯ ಒಳಲಂಗ ತೇಪೆ ಸಮೇತ ಗಾಳಿಗೆ ಹಾರುತ್ತಿತ್ತು. "ಅದು ಇದ್ದದ್ದೇ ಅಷ್ಟು ದೊಡ್ಡದು, ನಾನೇನು ಮಾಡ್ಲಿ" ಎಂದರು ಮೇಷ್ಟ್ರು. ಇಂಥವರ ಚಿತ್ರವನ್ನು ಯಾರು ಕೊಂಡಾರು?

ಕೊಳ್ಳುವವರು ಇಲ್ಲದಿದ್ದರೂ ಬರೆಯುವುದು ನಿಲ್ಲಲಿಲ್ಲ. ಆ ಊರಿನ ಮುಂದೆ ಕಡಲು, ಹಿಂದೆ ಬೆಟ್ಟ. ಬೆಟ್ಟ ನೇರ ನೀರಿಗೇ ಇಳಿಯುತ್ತದೆ, ನಡುವೆ ಊರು ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಹಾಗೆ ಇದೆ. ದಿನಕ್ಕೆ ನೂರು ಸಲ ಬಣ್ಣ ಬದಲಿಸುವ ಈ ಎರಡರ ನಡುವೆ ಹುಟ್ಟಿ, ಚಿತ್ರ ಬರೆಯದೆ ಸುಮ್ಮನಿರುವವರು ಹೇಗೆ ಸುಮ್ಮನಿರುತ್ತಾರೋ ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ಸಂಬಳದ ದಿನ ಅಂಗಿಯ ಗುಂಡಿ ಕಿತ್ತು ಹೋಗಿದ್ದರೂ ಒಳ್ಳೆಯ ನೀಲಿ ಬಣ್ಣ ತರಲು ಬರಾವೊನಾ ಪಟ್ಟಣಕ್ಕೆ ಬಸ್ಸು ಹತ್ತುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ.

ವಾರವೆಲ್ಲ ಶಾಲೆಯ ಮಕ್ಕಳಿಗೆ ಪಾಠ, ಶನಿವಾರ ದೊಡ್ಡವರಿಗೆ. ಎರಡು ಕಡೆಯೂ ಪಾಠ ಒಂದೇ. "ಆ ಮರ ನಿಮ್ಮಪ್ಪ ನೆಟ್ಟಿದ್ದಾ? ಅಲ್ಲ ತಾನೇ? ಮತ್ತೆ ಅದನ್ನ ಕದಲಿಸೋಕೆ ನೀನ್ಯಾರು?" ಶನಿವಾರದ ತರಗತಿಯಲ್ಲಿ ಬಿಡದೆ ಬರುತ್ತಿದ್ದವಳು ದೋನ್ಯಾ ನೂರಿಸ್ ಒಬ್ಬಳೇ. ಆಕೆ ಏನೇ ಬರೆದರೂ ಅದರಲ್ಲಿ ಒಂದು ಕೆಂಪು ಗುಲ್‌ಮೊಹರ್ ಮರ ಬಂದು ಕೂರುತ್ತಿತ್ತು. ಹೆದ್ದಾರಿ ಬದಿಯಲ್ಲಿ ಪ್ರವಾಸಿಗರಿಗೆ ಮಾರುವ ಚಿತ್ರಗಳಲ್ಲಿ ಇರುತ್ತದಲ್ಲ, ಅಂಥದ್ದೇ ದಪ್ಪ ಮರ.

"ದೋನ್ಯಾ ನೂರಿಸ್, ಈ ಕಿಟಕಿಯಿಂದ ಗುಲ್‌ಮೊಹರ್ ಕಾಣುತ್ತಾ?"

"ಇಲ್ಲ ಮೇಷ್ಟ್ರೇ."

"ಮತ್ತೆ ಯಾಕೆ ಬರೆದ್ರಿ?"

"ಕಾಣಬೇಕಿತ್ತು ಅದಕ್ಕೆ."

ಮೇಷ್ಟ್ರು ಹಾಳೆಯ ಮೂಲೆಯಲ್ಲಿ ಸೊನ್ನೆ ಹಾಕುತ್ತಿದ್ದರು. ಏಳು ಗುಲ್‌ಮೊಹರ್, ಏಳು ಸೊನ್ನೆ. ಆಕೆ ಏಳನ್ನೂ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದಳು, ಸೊನ್ನೆ ಎಲ್ಲರಿಗೂ ಕಾಣುವ ಹಾಗೆ.

ಆ ವರ್ಷ ಬರಾವೊನಾದಲ್ಲಿ ಪ್ರಾಂತ್ಯದ ಚಿತ್ರಪ್ರದರ್ಶನ ನಡೆಯುವುದಿತ್ತು. ವಿಷಯ: ಕಡಲೂ ಬೆಟ್ಟವೂ. ಸುದ್ದಿ ಕೇಳಿ ಮೇಷ್ಟ್ರಿಗೆ ಮೈ ಬಿಸಿಯಾಯಿತು. ಇದು ತಮಗೇ ಇಟ್ಟ ವಿಷಯ ಎಂದು ಅವರಿಗೆ ಅನ್ನಿಸಿತು. ಆದರೆ ಒಂದು ತೊಡಕು. ದಂಡೆಯ ಮೇಲೆ ನಿಂತು ಕಡಲು ನೋಡಿದರೆ ಬೆಟ್ಟ ಬೆನ್ನ ಹಿಂದೆ, ಬೆಟ್ಟ ನೋಡಿದರೆ ಕಡಲು ಬೆನ್ನ ಹಿಂದೆ. ಎರಡನ್ನೂ ಒಟ್ಟಿಗೆ ಕಾಣಬೇಕೆಂದರೆ ನೀರಿನ ಮೇಲೆ ಹೋಗಿ ತಿರುಗಿ ನೋಡಬೇಕು. ಕಾಣದ್ದನ್ನು ಊಹಿಸಿ ಬರೆಯುವ ಜಾತಿ ಅವರದಲ್ಲ. ಹಾಗಾಗಿ ಮೆಲಿದೊನ ಮನೆಗೆ ಹೋದರು.

ಮೆಲಿದೊ ಬೆಸ್ತ. ಅವನ ಮಗಳು ಮಿರೇಯಾಳಿಗೆ ಮೇಷ್ಟ್ರು ಧರ್ಮದ ತಂದೆ. ಹತ್ತೊಂಬತ್ತು ವರ್ಷದ ಹಿಂದೆ ಆ ಕೂಸನ್ನು ಇಗರ್ಜಿಯ ನೀರಿನ ತೊಟ್ಟಿಯ ಮೇಲೆ ಎತ್ತಿ ಹಿಡಿದ ದಿನದಿಂದ ಇಬ್ಬರೂ ಒಬ್ಬರಿಗೊಬ್ಬರು 'ಕಂಪಾದ್ರೆ'. ಅದೇನು ಸಣ್ಣ ಸಂಬಂಧವಲ್ಲ. ಅಣ್ಣತಮ್ಮಂದಿರು ಹೊಡೆದಾಡಬಹುದು, ಗಂಡಹೆಂಡಿರು ಬಟ್ಟಲು ಎಸೆದಾಡಬಹುದು. ಕಂಪಾದ್ರೆಯನ್ನು ಮಾತ್ರ ನೀನು ಎನ್ನುವಂತಿಲ್ಲ, ಬೈಯುವಂತಿಲ್ಲ, ಮುಖದ ಮುಂದೆ ತಪ್ಪು ಎತ್ತಿ ಆಡುವಂತಿಲ್ಲ. ಆಡಿದವನ ನಾಲಿಗೆಗೆ ಹುಳ ಬೀಳುತ್ತದೆ ಎಂದು ಊರಿನ ಅಜ್ಜಿಯರು ಹೇಳುತ್ತಾರೆ. ಹುಳ ಬಿದ್ದದ್ದನ್ನು ಯಾರೂ ನೋಡಿಲ್ಲ, ಏಕೆಂದರೆ ಯಾರೂ ಆಡಿ ನೋಡಿಲ್ಲ.

"ಕಂಪಾದ್ರೆ, ನನ್ನನ್ನ ಒಂದು ದಿನ ದೋಣಿಯಲ್ಲಿ ಕರ್ಕೊಂಡು ಹೋಗ್ತೀರಾ?"

ಮೆಲಿದೊ ಬಲೆಯಿಂದ ತಲೆ ಎತ್ತಲಿಲ್ಲ. "ಬರೀ ನೋಡೋಕೆ ಅಂತ ಎಣ್ಣೆ ಸುಡೋಕಾಗಲ್ಲ ಕಂಪಾದ್ರೆ. ನಾನು ಮೀನಿಗೆ ಹೋದಾಗ ಬರಬಹುದು. ಆದ್ರೆ..." ಅವನು ಅತ್ತಿತ್ತ ನೋಡಿ ದನಿ ಇಳಿಸಿದ. "ಅದು ನಮ್ಮಪ್ಪನ ಜಾಗ. ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ."

"ನಾನು ಬಾಯಿ ಬಿಡಲ್ಲ. ನಿಮ್ಮ ಮಗಳ ತಲೆಗೆ ನೀರು ಬಿದ್ದಾಗ ಹಿಡ್ಕೊಂಡಿದ್ದ ಕೈ ಇದು, ಇದರ ಮೇಲಾಣೆ."

ಮೆಲಿದೊಗೆ ಆಣೆ ಸಾಲಲಿಲ್ಲ. ಮರುದಿನ ಬೆಳಗಿನ ಜಾವ ದೋಣಿ ದಂಡೆ ಬಿಟ್ಟ ಕೂಡಲೇ ಒಂದು ಹಿಟ್ಟಿನ ಚೀಲ ತೆಗೆದು, "ತಪ್ಪು ತಿಳ್ಕೋಬೇಡಿ" ಎಂದು ಬಹಳ ಮರ್ಯಾದೆಯಿಂದ ಮೇಷ್ಟ್ರ ತಲೆಯ ಮೇಲೆ ಕವುಚಿದ. ಮೇಷ್ಟ್ರು ಕ್ಯಾನ್ವಾಸನ್ನು ತೊಡೆಯ ಮೇಲೆ ಅಪ್ಪಿಕೊಂಡು, ಹಿಟ್ಟಿನ ಧೂಳಿಗೆ ಸೀನುತ್ತ, ಒಂದು ಗಂಟೆ ಕುರುಡರಾಗಿ ಕುಳಿತರು. ಆಮೇಲೆ ಲಂಗರು ಬಿದ್ದ ಸದ್ದು ಕೇಳಿತು. ಮೆಲಿದೊ ಬೆಟ್ಟದ ಮೇಲೆ ಕಣ್ಣಿಟ್ಟುಕೊಂಡೇ ಚೀಲ ಎತ್ತಿದ. "ಈಗ ಬರೀರಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಬ್ಬರು ಬುದ್ಧಿವಂತರು ಸೇರಿ ಎಂಥ ಪೆದ್ದ ಕೆಲಸ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಕರಾವಳಿಯಲ್ಲಿಲ್ಲ. ಕಡಲಲ್ಲಿ ಗುರುತಿಗೆ ಗೂಟ ಹೊಡೆಯಲಾಗದು. ದೋಣಿಗಳಿಗೆ ದಾರಿ ತೋರಿಸುವ ಯಂತ್ರ ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಬೆಸ್ತರು ನೆಲವನ್ನು ನೋಡಿ ನೀರಿನ ಜಾಗ ಹಿಡಿಯುತ್ತಿದ್ದರು. ಇಗರ್ಜಿಯ ಗಂಟೆಗೋಪುರ ಬೆಟ್ಟದ ಎರಡು ಕೊಂಬುಗಳ ನಡುವಿನ ತಗ್ಗಿನ ಕೆಳಗೆ ನೇರ ನಿಂತರೆ ಅದೊಂದು ಗೆರೆ. ಮೂಲೆಗುಡ್ಡದ ಮೇಲಿನ ಒಂಟಿ ಬೂರುಗದ ಮರ ಅದರ ಹಿಂದೆ ಕಾಣುವ ಸುಣ್ಣದ ಗಣಿಯ ಎಡ ಅಂಚಿಗೆ ತಾಗಿ ಕಂಡರೆ ಅದು ಇನ್ನೊಂದು ಗೆರೆ. ಎರಡೂ ಒಟ್ಟಿಗೆ ಕೂಡಿಬರುವ ಜಾಗ ಇಡೀ ಕಡಲಲ್ಲಿ ಒಂದೇ. ಅಲ್ಲಿ ನೀರಡಿಯಲ್ಲಿ ಇಗರ್ಜಿಯಷ್ಟು ಅಗಲದ ದಿಬ್ಬ, ಅದರ ಸುತ್ತ ಕೆಂಪು ಮೀನು. ಬೆಸ್ತನಿಗೆ ಆ ನೋಟವೇ ಬೀಗದ ಕೈ. ಮೆಲಿದೊ ದಾರಿಯುದ್ದಕ್ಕೂ ಕಂಪಾದ್ರೆಯ ಕಣ್ಣು ಮುಚ್ಚಿ, ಬೀಗದ ಕೈ ಕಾಣುವ ಕಡೆಯಲ್ಲಿ ಕಣ್ಣು ಬಿಚ್ಚಿ, ಚಿತ್ರ ಬರೆಯಿರಿ ಎಂದಿದ್ದ.

ಅವನನ್ನೂ ಪೂರ್ತಿ ಬೈಯುವ ಹಾಗಿಲ್ಲ. ಅವನ ಲೆಕ್ಕದಲ್ಲಿ ಚಿತ್ರ ಎಂದರೆ ಕ್ಯಾಲೆಂಡರಿನಲ್ಲಿ ಇರುವಂಥದ್ದು: ನೀಲಿ ಕಡಲು, ಹಸಿರು ಗುಡ್ಡ, ಯಾವ ಊರಿನದಾದರೂ ಆದೀತು. ಹತ್ತೊಂಬತ್ತು ವರ್ಷದ ಕಂಪಾದ್ರೆತನದಲ್ಲಿ ಅವನು ಮೇಷ್ಟ್ರ ಒಂದು ಚಿತ್ರವನ್ನೂ ನಿಂತು ನೋಡಿರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು, ನೋವೂ ಇತ್ತು. ಆಡಿ ತೋರಿಸಿರಲಿಲ್ಲ.

ಮೇಷ್ಟ್ರು ಚಾಚಿದ ಕೈಯಲ್ಲಿ ಪೆನ್ಸಿಲು ಹಿಡಿದು, ಒಂದು ಕಣ್ಣು ಮುಚ್ಚಿ, ಗೋಪುರ ಅಳೆದರು, ಮರ ಅಳೆದರು, ಮೂರು ಮೂರು ಸಲ ಅಳೆದರು. ಬೆಳಗಿನ ಬಿಸಿಲು ಬೆಟ್ಟದ ಎದೆಯ ಮೇಲೆ ಬಿದ್ದಿತ್ತು. ಮಂಜು ಕಣಿವೆಗಳಿಂದ ಏಳುತ್ತಿತ್ತು. ಮೆಲಿದೊ ಬೆನ್ನು ತಿರುಗಿಸಿ ಒಂದಾದ ಮೇಲೊಂದು ಕೆಂಪು ಮೀನು ಎಳೆಯುತ್ತಿದ್ದ. ಮಧ್ಯೆ ಇಬ್ಬರೂ ಮರಗೆಣಸಿನ ರೊಟ್ಟಿ ಮುರಿದು ಕಾಫಿ ಕುಡಿದರು. ಇಷ್ಟು ಸುಖದ ಬೆಳಗನ್ನು ಮೇಷ್ಟ್ರು ಕಂಡಿರಲಿಲ್ಲ.

ಚಿತ್ರ ಮುಗಿಯಲು ಹದಿನೈದು ದಿನ ಹಿಡಿಯಿತು. ಶನಿವಾರ ಬರಾವೊನಾಗೆ ಲಾರಿ ಹೋಗುವುದಿತ್ತು. ಅಲ್ಲಿಯತನಕ ಅದನ್ನು ಊರಿಗೆ ತೋರಿಸೋಣ ಎಂದು ದೋನ್ಯಾ ನೂರಿಸ್ ತನ್ನ ಅಂಗಡಿಯ ದೊಡ್ಡ ಗೋಡೆ ಬಿಟ್ಟುಕೊಟ್ಟಳು. ಊರಿನವರು ಎಂದಿನಂತೆ ಬಂದರು, ತಂತಮ್ಮ ಮನೆ ಹುಡುಕಿದರು, ಎಂದಿನಂತೆ ಸಿಟ್ಟಾಗಿ ಹೋದರು. ಬುಧವಾರ ಮಾತ್ರ ಬೇರೆ ಒಬ್ಬ ಬಂದ.

ಪಕ್ಕದ ಪುಂತಾ ಲಾರ್ಗಾ ಊರಿನಲ್ಲಿ ಮಂಜುಗಡ್ಡೆ ಸಿಗುವುದಿಲ್ಲ. ಅಲ್ಲಿನ ಬೆಸ್ತ ತೂಲಿಯೊ ಮಂಜುಗಡ್ಡೆಗೆ ಬಂದವನು, ಅಂಗಡಿಯ ಡಾಮಿನೊ ಮೇಜಿನಲ್ಲಿ ಒಂದು ಕೈ ಆಡಲು ಕೂತು, ಕೈಯಲ್ಲಿ ಡಾಮಿನೊ ಬಿಲ್ಲೆ ಹಿಡಿದ ಹಾಗೆಯೇ ತಲೆ ಎತ್ತಿ ಚಿತ್ರ ನೋಡಿದ. ಎದ್ದು ಹತ್ತಿರ ಹೋದ. ಕಾಲು ಗಂಟೆ ಹಂದಾಡಲಿಲ್ಲ. ಪಕ್ಕದಲ್ಲಿ ಚೀಲದ ಮಂಜುಗಡ್ಡೆ ಕರಗಿ ಅವನ ಚಪ್ಪಲಿಗೆ ಹರಿಯಿತು.

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಮೇಷ್ಟ್ರ ಕಣ್ಣು ತುಂಬಿ ಬಂತು. ಮೂವತ್ತು ವರ್ಷ. ಕೊನೆಗೂ ಒಬ್ಬ.

"ಇಷ್ಟ ಆಯ್ತಾ ಸ್ವಾಮಿ?"

"ಬಹಳ ಆಯ್ತು ಮೇಷ್ಟ್ರೇ" ಎಂದ ತೂಲಿಯೊ, ಕಣ್ಣು ಕೀಳದೆ. "ಒಂದು ಮಾತು. ಈ ಗೋಪುರ ಹೀಗೆ ಸರಿಯಾಗಿ ತಗ್ಗಿನ ಕೆಳಗೇ ನಿಲ್ಲುತ್ತಾ, ಇಲ್ಲಾ ಚೆಂದಕ್ಕೆ ಅಂತ ಹಾಗೆ ನಿಲ್ಲಿಸಿದ್ದೀರಾ?"

"ಚೆಂದಕ್ಕೆ!" ಮೇಷ್ಟ್ರು ಎದ್ದೇ ನಿಂತರು. "ನಾನು ಚೆಂದಕ್ಕೆ ಒಂದು ಎಲೆಯನ್ನೂ ಸರಿಸಿದವನಲ್ಲ. ಮೂರು ಸಲ ಅಳೆದಿದ್ದೀನಿ. ಬನ್ನಿ, ಈ ಮರ ನೋಡಿ..."

ಎಂದು ಮರವನ್ನೂ, ಗಣಿಯನ್ನೂ, ಅವುಗಳ ನಡುವಿನ ಅಂತರವನ್ನೂ ಒಂದೊಂದಾಗಿ ವಿವರಿಸಿದರು. ತೂಲಿಯೊ ಡಾಮಿನೊ ಬಿಲ್ಲೆಯನ್ನು ಚಿತ್ರಕ್ಕೆ ಅಡ್ಡ ಹಿಡಿದು ಅಳೆದ. ಕೊಟ್ಟ ಮಾತಿನಂತೆ ಮೇಷ್ಟ್ರು ಜಾಗದ ಬಗ್ಗೆ ಒಂದಕ್ಷರ ಬಾಯಿ ಬಿಡಲಿಲ್ಲ. ಮಿಕ್ಕದ್ದೆಲ್ಲ ಬಿಟ್ಟರು.

ಮರುದಿನ ಮಧ್ಯಾಹ್ನ ಮೇಷ್ಟ್ರು ಜಗಲಿಯಲ್ಲಿ ಕೂತು ಬೇಯಿಸಿ ಕುಟ್ಟಿದ ಬಾಳೆಕಾಯಿ ತಿನ್ನುತ್ತಿದ್ದಾಗ ಮೆಲಿದೊ ಬಂದ. ಟೋಪಿ ತೆಗೆದ, ನಮಸ್ಕಾರ ಹೇಳಿದ, ಮನೆಯವರ ಆರೋಗ್ಯ ಕೇಳಿದ. ಆಮೇಲೆ ಜಗಲಿಯ ಕೆಳಗೆ ಮಣ್ಣು ಕೆದರುತ್ತಿದ್ದ ಮೇಷ್ಟ್ರ ಹುಂಜದ ಕಡೆ ತಿರುಗಿದ. ಹುಂಜದ ಹೆಸರು ಕರ್ನಲ್.

"ಎಲಾ ಕತ್ತೆ ನನ್ಮಗನೇ!" ಎಂದು ಹುಂಜಕ್ಕೆ ಕೂಗಿದ. "ಲಜ್ಜೆಗೆಟ್ಟವನೇ! ನಂಬಿದವನ ಕುತ್ತಿಗೆ ಕೊಯ್ಯೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ?"

ಕರ್ನಲ್ ತಲೆ ಓರೆ ಮಾಡಿ ನೋಡಿತು. ಮೇಷ್ಟ್ರ ಗಂಟಲಲ್ಲಿ ಬಾಳೆಕಾಯಿ ಸಿಕ್ಕಿಕೊಂಡಿತು.

"ಕಂಪಾದ್ರೆ, ಏನಾಯ್ತು?"

"ನಿಮಗಲ್ಲ ಕಂಪಾದ್ರೆ, ನಿಮಗೆ ನಾನು ಏನಾದ್ರೂ ಅಂತೀನಾ? ದಯವಿಟ್ಟು ಊಟ ಮಾಡಿ." ಮತ್ತೆ ಹುಂಜಕ್ಕೆ: "ನನ್ನಪ್ಪ ಸಾಯೋವಾಗ ಕಿವೀಲಿ ಹೇಳಿದ ಜಾಗನ ಅಂಗಡಿ ಗೋಡೆ ಮೇಲೆ ನೇತು ಹಾಕ್ತೀಯಾ? ಉಪ್ಪಿನ ಮೂಟೆ ಪಕ್ಕದಲ್ಲಿ? ಹಲ್ಕಾ ಹಕ್ಕಿಯೇ! ಇವತ್ತು ಬೆಳಿಗ್ಗೆಯಿಂದ ತೂಲಿಯೊ ಗೋಪುರನ ತಗ್ಗಿನ ಕೆಳಗೆ ಇಟ್ಕೊಂಡು ಗೆರೆ ಹಿಡಿದು ಮೇಲೆ ಕೆಳಗೆ, ಮೇಲೆ ಕೆಳಗೆ ಓಡಾಡ್ತಿದ್ದಾನೆ. ನಾಲ್ಕು ಸಲ ಪಕ್ಕದಲ್ಲೇ ಹೋದ. ನಾನು ದೂರದಲ್ಲಿ ಬರೀ ನೀರಲ್ಲಿ ಗಾಳ ಹಾಕ್ಕೊಂಡು, ಸಿಳ್ಳೆ ಹೊಡ್ಕೊಂಡು ಕೂತಿದ್ದೆ!"

ಮೇಷ್ಟ್ರಿಗೆ ಆಗ ಎಲ್ಲ ಹೊಳೆಯಿತು. ಹಿಟ್ಟಿನ ಚೀಲ ಯಾಕೆ, ಮೆಲಿದೊ ನೀರು ಬಿಟ್ಟು ಬೆಟ್ಟ ನೋಡುತ್ತಿದ್ದದ್ದು ಯಾಕೆ, ತೂಲಿಯೊ ಕಲಾರಸಿಕನಾದದ್ದು ಯಾಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ, ನಿಜ ಹೇಳಬೇಕಲ್ಲ, ಎದೆಯ ಒಂದು ಮೂಲೆಯಲ್ಲಿ ಒಂದು ಕೆಟ್ಟ ಸಂತೋಷ ತಲೆ ಎತ್ತಿತು. ತಡೆಯಲು ನೋಡಿದರು, ಆಗಲಿಲ್ಲ.

"ಗೋಪುರದ ಗೆರೆ... ಸರಿಯಾಗಿ ಹಾಗೇ ಇತ್ತಾ ಕಂಪಾದ್ರೆ?"

"ಸರಿಯಾಗಿ ಹಾಗೇ."

"ಒಂಚೂರೂ ಆಚೀಚೆ ಇಲ್ಲ?"

ಮೆಲಿದೊ ತಿರುಗಿ ಹುಂಜಕ್ಕೆ ಏನೋ ಅಂದ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಬ್ಬರೂ ಅಂಗಡಿಗೆ ಹೋದರು. ಊಟದ ಮೇಲೆ ಊರು ಮಲಗುವ ಹೊತ್ತು. ದೋನ್ಯಾ ನೂರಿಸ್ ಅರ್ಧ ಬಾಗಿಲು ಹಾಕಿ ಒಳಗೆ ಬಿಟ್ಟುಕೊಂಡಳು. ತೂಲಿಯೊ ಅಳೆದದ್ದನ್ನು ನೋಡಿಯೇ ಆಕೆಗೆ ಅರ್ಧ ಗೊತ್ತಾಗಿತ್ತು, ಮಿಕ್ಕರ್ಧ ಮೆಲಿದೊನ ಮುಖ ಹೇಳಿತು. ಮೆಲಿದೊ ಮೊದಲ ಸಲ ಕಂಪಾದ್ರೆಯ ಚಿತ್ರದ ಮುಂದೆ ನಿಂತ. ನೋಡಿದ. ಕೋಪದ ಮುಖ ನಿಧಾನವಾಗಿ ಇಳಿಯಿತು. "ಅಯ್ಯೋ ದೇವರೇ" ಎಂದ ಮೆಲ್ಲಗೆ. ಬೂರುಗದ ಮರದ ಪಕ್ಕ ಉಗುರಿಟ್ಟು, ಬಾಯಿ ತೆರೆದ, ಮುಚ್ಚಿದ.

"ಏನು ಕಂಪಾದ್ರೆ?"

"ಏನಿಲ್ಲ ಕಂಪಾದ್ರೆ."

ದೋನ್ಯಾ ನೂರಿಸ್ ನಡುವೆ ಬಂದಳು. "ತೂಲಿಯೊ ಈಗಷ್ಟೇ ಹೇಳಿ ಕಳಿಸಿದ್ದಾನೆ. ಸಂಜೆ ಮತ್ತೆ ಬರ್ತಾನಂತೆ, ಇಬ್ಬರನ್ನ ಕರ್ಕೊಂಡು. ಮರ ಗಣಿಯ ಎಡಕ್ಕೋ ಬಲಕ್ಕೋ ಮರೆತು ಹೋಗಿದೆಯಂತೆ. ಪೆದ್ದ, ಬಾಯಿ ಬಿಟ್ಟು ಅದನ್ನೂ ಹೇಳಿ ಕಳಿಸಿದ್ದಾನೆ."

"ಚಿತ್ರ ತೆಗೆದು ಬಿಡೋಣ" ಎಂದರು ಮೇಷ್ಟ್ರು.

"ತೆಗೆದ್ರೆ? ಬರಾವೊನಾಗೆ ಹೋಗಿ ನೋಡ್ತಾನೆ. ಸುಟ್ರೆ, ಬಚ್ಚಿಡೋವಂಥದ್ದು ಅಲ್ಲೇ ಇದೆ ಅಂತ ಎರಡು ಊರಿಗೂ ಗೊತ್ತಾಗುತ್ತೆ." ಆಕೆ ಸೊಂಟದ ಮೇಲೆ ಕೈ ಇಟ್ಟಳು. "ಚಿತ್ರ ಇಲ್ಲೇ ಇರಲಿ ಮೇಷ್ಟ್ರೇ. ಮರ ಹೋಗಲಿ."

"ಎಲ್ಲಿಗೆ?"

"ಗಣಿಯ ಬಲಕ್ಕೆ."

ಮೇಷ್ಟ್ರು ಹಿಂದೆ ಸರಿದು ಅಕ್ಕಿಯ ಮೂಟೆಗೆ ತಾಗಿ ನಿಂತರು. "ಆ ಮರ ನಾನು ನೆಟ್ಟದ್ದಲ್ಲ" ಎಂದರು.

"ನಾವ್ಯಾರೂ ನೆಟ್ಟಿಲ್ಲ. ಆದ್ರೆ ಅದು ಎಡಕ್ಕಿದ್ರೆ ಪುಂತಾ ಲಾರ್ಗಾದ ಹತ್ತು ದೋಣಿ ಆ ಜಾಗದ ಮೇಲೆ ಕೂರುತ್ತೆ. ಒಂದು ವರ್ಷದಲ್ಲಿ ಒಂದು ಮೀನು ಉಳಿಯಲ್ಲ. ಮೆಲಿದೊ ಏನು ಮಾಡಬೇಕು? ನಿಮ್ಮ ಚಿತ್ರ ತಿನ್ನಬೇಕಾ?"

ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಮೆಲಿದೊ ಕಡೆ ನೋಡಿದರು. ಕರ್ನಲ್ ಅಲ್ಲಿರಲಿಲ್ಲ, ಹಾಗಾಗಿ ಮೆಲಿದೊ ಏನನ್ನೂ ಹೇಳಲಾರದೆ ಟೋಪಿಯನ್ನು ಹಿಂಡುತ್ತ ನಿಂತಿದ್ದ. ಉಪ್ಪುನೀರಿಗೆ ಬಿರಿದ ಆ ಕೈಗಳನ್ನು ನೋಡಿ ಮೇಷ್ಟ್ರಿಗೆ ನಾಚಿಕೆಯಾಯಿತು. ಮನೆಗೆ ಹೋಗಿ ಬಣ್ಣದ ಪೆಟ್ಟಿಗೆ ತಂದರು.

ಆದರೆ ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಮೇಷ್ಟ್ರು ಬಲಕ್ಕೆ ಒಂದು ಬೂರುಗ ಬರೆಯಲು ಹೊರಟರೆ, ಹಾಗಾದರೆ ನೆರಳು ಎಲ್ಲಿ ಬೀಳಬೇಕು, ಆ ಕಲ್ಲು ಕಾಣಬೇಕೋ ಬೇಡವೋ, ಎಂದು ಲೆಕ್ಕ ಶುರುವಾಗುತ್ತಿತ್ತು. ಲೆಕ್ಕ ಮುಗಿಯುವಷ್ಟರಲ್ಲಿ ಮರ ಮತ್ತೆ ಎಡಕ್ಕೇ ಜರುಗುತ್ತಿತ್ತು. ಅರ್ಧ ಗಂಟೆಯಲ್ಲಿ ಬೆವರು ಇಳಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಕೊಡಿ ಇಲ್ಲಿ" ಎಂದಳು ದೋನ್ಯಾ ನೂರಿಸ್. "ಏಳು ಸೊನ್ನೆ ಸುಮ್ಮನೆ ತಗೊಂಡಿಲ್ಲ ನಾನು."

ಗಣಿಯ ಬಲ ಅಂಚಿಗೆ ಐದು ನಿಮಿಷದಲ್ಲಿ ಒಂದು ಬೂರುಗದ ಮರ ನಿಂತಿತು. ನೆರಳು ಎಲ್ಲಿಗೆ ಬೀಳಬೇಕೋ ಅಲ್ಲಿಗೆ ಬಿತ್ತು, ಆಕೆಗೆ ಬೇಕಾದ ಕಡೆ. ಎಡದಲ್ಲಿದ್ದ ನಿಜವಾದ ಮರ ಉಳಿಯಿತಲ್ಲ, ಅದನ್ನು ಮುಚ್ಚಬೇಕು. ಆಕೆ ಮೇಷ್ಟ್ರ ಮುಖ ನೋಡದೆ ಕುಂಚವನ್ನು ಕೆಂಪಿಗೆ ಅದ್ದಿದಳು.

"ದೋನ್ಯಾ ನೂರಿಸ್, ಬೇಡ."

"ಕಣ್ಣು ಮುಚ್ಕೊಳ್ಳಿ ಮೇಷ್ಟ್ರೇ."

ಮೇಷ್ಟ್ರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವರ ಮೂಲೆಗುಡ್ಡದ ಮೇಲೆ ದಪ್ಪನೆಯ ಗುಲ್‌ಮೊಹರ್ ಒಂದು ಮದುವಣಗಿತ್ತಿಯ ಹಾಗೆ ಕೂತಿತ್ತು. ಅಲ್ಲಿ ಗುಲ್‌ಮೊಹರ್ ಇಲ್ಲವೆಂದಲ್ಲ, ಮೇ ತಿಂಗಳಲ್ಲಿ ಆ ಗುಡ್ಡದಲ್ಲಿ ಹತ್ತಾರು ಕೆಂಪು ಮರಗಳಿರುತ್ತವೆ. ಆದರೆ ಇಷ್ಟು ದಪ್ಪದ್ದು ದೇವರು ಎಲ್ಲೂ ಮಾಡಿಲ್ಲ.

ಸಂಜೆ ತೂಲಿಯೊ ಬಂದ, ಜೊತೆಗೆ ಇಬ್ಬರು ಅಣ್ಣತಮ್ಮಂದಿರು. ಅಂಗಡಿ ತುಂಬಿತ್ತು. ಮೆಲಿದೊ ಡಾಮಿನೊ ಮೇಜಿನಲ್ಲಿ ಚಿತ್ರಕ್ಕೆ ಬೆನ್ನು ಹಾಕಿ ಕೂತಿದ್ದ. ದೋನ್ಯಾ ನೂರಿಸ್ ಟರ್ಪೆಂಟೈನ್ ವಾಸನೆ ಮುಚ್ಚಲು ಬೇಕಂತಲೇ ಬೆಳ್ಳುಳ್ಳಿ ಹುರಿಯುತ್ತಿದ್ದಳು. ತೂಲಿಯೊ ಚಿತ್ರದ ಮುಂದೆ ನಿಂತು ಹುಬ್ಬು ಗಂಟಿಕ್ಕಿದ. ಅಳೆಯಲು ಡಾಮಿನೊ ಬಿಲ್ಲೆ ತಾಗಿಸಿದ, ತೆಗೆದ. ಬಿಲ್ಲೆಯ ತುದಿ ಕೆಂಪಾಗಿತ್ತು.

"ಮೇಷ್ಟ್ರೇ, ನಿನ್ನೆ ಈ ಕೆಂಪು ಮರ ಇರಲಿಲ್ಲ."

ಮೇಷ್ಟ್ರು ತುಟಿ ಒದ್ದೆ ಮಾಡಿಕೊಂಡರು.

"ಈಗಷ್ಟೇ ಹೂ ಬಿಡ್ತು" ಎಂದರು.

"ಸರಿ. ಆದ್ರೆ ಬೂರುಗ? ನಿನ್ನೆ ಎಡಕ್ಕಿದ್ದ ಹಾಗಿತ್ತು. ಒಂದು ಎಲೆಯನ್ನೂ ಸರಿಸಲ್ಲ ಅಂದ್ರಲ್ಲ ನೀವು?"

ಎಲ್ಲರೂ ಮೇಷ್ಟ್ರನ್ನು ನೋಡಿದರು. ಅದರಲ್ಲಿ ಅವರ ಕೈಯಲ್ಲಿ ಸೊನ್ನೆ ತೆಗೆದುಕೊಂಡು ಬೆಳೆದವರೇ ಅರ್ಧ. ಮರ ಕದಲಿಸಿದ್ದಕ್ಕೆ ಹತ್ತು ಸಲ ಬರೆದು ತಂದವರು. ಇವರ ಮುಂದೆ ಇನ್ನು ಯಾವ ಮುಖದಲ್ಲಿ ಪಾಠ ಹೇಳುವುದು? ಮೇಷ್ಟ್ರು ಮೆಲಿದೊನ ಬೆನ್ನು ನೋಡಿದರು. ಬೆವರಿಗೆ ಅಂಗಿ ಅಂಟಿದ ಬೆನ್ನು, ಉಸಿರಾಡುತ್ತಿರಲಿಲ್ಲ.

"ನಾನು ತಪ್ಪು ಬರೆದಿದ್ದೆ" ಎಂದರು ಮೇಷ್ಟ್ರು ಗಟ್ಟಿಯಾಗಿ. "ಮರ ತಪ್ಪು ಜಾಗದಲ್ಲಿತ್ತು. ಇವತ್ತು ತಿದ್ದಿದೆ."

ಎಲ್ಲಿಂದಲೋ ಒಬ್ಬ "ಸೊನ್ನೆ!" ಎಂದು ಕೂಗಿದ. ಇಡೀ ಅಂಗಡಿ ಮೇಜು ಬಡಿದು ನಕ್ಕಿತು. ಮೂವತ್ತು ವರ್ಷ ಕಾದ ನಗು ಅದು. ತೂಲಿಯೊ ಕೂಡ ನಕ್ಕ, ಆದರೆ ಅವನ ಕಣ್ಣು ಬಲಗಡೆಯ ಮರದ ಮೇಲೆಯೇ ಇತ್ತು. ಮೇಷ್ಟ್ರು ಕಿವಿ ಕೆಂಪಾಗಿಸಿಕೊಂಡು ನಿಂತರು. ನಗದೆ ಕೂತಿದ್ದವನು ಮೆಲಿದೊ ಒಬ್ಬನೇ.

ಶುಕ್ರವಾರ ಪುಂತಾ ಲಾರ್ಗಾದ ಮೂರು ದೋಣಿಗಳು ಬಲ ಅಂಚಿನ ಗುರುತು ಹಿಡಿದು ಒಂದು ಬೋಳು ಬಂಡೆಯ ಮೇಲೆ ಲಂಗರು ಹಾಕಿದವು. ಎರಡು ಲಂಗರು ಸಂದಿಗೆ ಸಿಕ್ಕಿ ಹಗ್ಗ ಕತ್ತರಿಸಬೇಕಾಯಿತು, ಮೀನಿನ ಬಾಲವೂ ಕಾಣಲಿಲ್ಲ. ಆ ಮೇಷ್ಟ್ರು ಮೊದಲು ಬರೆದದ್ದೂ ತಪ್ಪು, ತಿದ್ದಿದ್ದೂ ತಪ್ಪು, ಅವನಿಗೆ ಕಣ್ಣೇ ಕಾಣುವುದಿಲ್ಲ ಎಂದು ತೂಲಿಯೊ ಎರಡು ಊರಿಗೂ ಸಾರಿಕೊಂಡು ಬಂದ. ಶನಿವಾರ ಚಿತ್ರ ಲಾರಿ ಹತ್ತಿತು. ಮುಂದಿನ ವಾರವೇ ವಾಪಸು ಬಂತು, ಹಿಂದೆ ಒಂದು ಚೀಟಿ ಅಂಟಿಸಿಕೊಂಡು. ಕೈ ಪಳಗಿದೆ, ಆದರೆ ಪ್ರವಾಸಿಗರನ್ನು ಮೆಚ್ಚಿಸುವ ಕೆಂಪು ಮರ ಇಡೀ ಚಿತ್ರವನ್ನು ಕೆಡಿಸಿದೆ, ಕಲಾವಿದರು ಕಣ್ಣಿಗೆ ಕಂಡದ್ದನ್ನು ಬರೆಯುವುದು ಕಲಿಯಬೇಕು ಎಂದು ಅದರಲ್ಲಿತ್ತು.

ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ಅಳಬೇಕೋ ನಗಬೇಕೋ ತಿಳಿಯದೆ ಅದನ್ನು ದೋನ್ಯಾ ನೂರಿಸ್‌ಗೆ ಕೊಟ್ಟರು.

"ಎಂಟನೇ ಸೊನ್ನೆ" ಎಂದಳು ಆಕೆ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ನನ್ನಿಂದ ಆಯ್ತು ಮೇಷ್ಟ್ರೇ" ಎಂದಳು. ಚಿತ್ರ ಅಂಗಡಿಯಲ್ಲೇ ಉಳಿಯಿತು.

ಮೇಷ್ಟ್ರು ಒಂದು ತಿಂಗಳು ಕುಂಚ ಮುಟ್ಟಲಿಲ್ಲ. ಶಾಲೆಯಲ್ಲಿ ಹುಡುಗರು ಬೇಕಂತಲೇ ಬೆಟ್ಟದ ತುದಿಯಲ್ಲಿ ಬೂರುಗ ಬರೆದು ತರುತ್ತಿದ್ದರು, ಅವರು ಏನೂ ಅನ್ನುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಮೆಲಿದೊ ಜಗಲಿಗೆ ಬಂದ. ಒಂದು ದೊಡ್ಡ ಕೆಂಪು ಮೀನನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದ. ಕರ್ನಲ್ ಅವನನ್ನು ಕಂಡದ್ದೇ ಬೇಲಿ ಹಾರಿತು.

"ಕಂಪಾದ್ರೆ, ನಿಮ್ಮ ಧರ್ಮದ ಮಗಳು ದೋಣಿ ನಡೆಸ್ತೀನಿ ಅಂತಾಳೆ. ನಾನು ಹೋದ ಮೇಲೆ ಆ ಜಾಗ ಅವಳದು. ಬಾಯಲ್ಲಿ ಹೇಳಿದ್ರೆ ಅವಳು ಮರೀತಾಳೆ, ಇಲ್ಲಾ ನಾನು ಮರೀತೀನಿ. ಬರೆದು ಕೊಡ್ತೀರಾ? ಮನೆ ಒಳಗೆ, ಗೋಡೆ ಕಡೆ ಮುಖ ಮಾಡಿ ತೂಗು ಹಾಕ್ತೀವಿ. ಯಾರಿಗೂ ತೋರಿಸಲ್ಲ."

ಯಾರಿಗೂ ತೋರಿಸದ ಚಿತ್ರ. ಯಾವ ಪ್ರದರ್ಶನವೂ ಮೇಷ್ಟ್ರಿಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಾರದು. ಬಣ್ಣದ ಪೆಟ್ಟಿಗೆ ಎತ್ತಿಕೊಂಡರು.

ದೋಣಿ ದಂಡೆ ಬಿಟ್ಟಾಗ ಅವರು ಅಭ್ಯಾಸಬಲದಿಂದ ತಲೆ ಬಗ್ಗಿಸಿ ಕಾದರು. ಏನೂ ಮೇಲೆ ಬೀಳಲಿಲ್ಲ. ತಿರುಗಿ ನೋಡಿದರೆ ಮೆಲಿದೊ ಮೋಟಾರಿನ ಹಿಡಿ ಹಿಡಿದು ಬೆಟ್ಟದ ಕಡೆ ನೋಡುತ್ತಿದ್ದ.

"ಚೀಲ?"

"ಅದರಲ್ಲಿ ಈಗ ಹಿಟ್ಟಿದೆ ಕಂಪಾದ್ರೆ."

ಗೋಪುರ ನಿಧಾನವಾಗಿ ಜರುಗಿ ತಗ್ಗಿನ ಕೆಳಗೆ ಬಂದು ನಿಲ್ಲುವುದನ್ನು ಮೇಷ್ಟ್ರು ಈ ಸಲ ಕಣ್ಣಾರೆ ಕಂಡರು. ಅಳೆದರು, ಬರೆದರು. ಬಿಸಿಲು ಏರುವ ಹೊತ್ತಿಗೆ ಕಡಲು, ಬೆಟ್ಟ, ಗಣಿ, ಮರ ಎಲ್ಲ ಕ್ಯಾನ್ವಾಸಿಗೆ ಇಳಿದವು. ಮೆಲಿದೊ ಹಿಂದಿನಿಂದ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಕೆಮ್ಮಿದ.

"ಕರ್ನಲ್‌ನ ಕರ್ಕೊಂಡು ಬರಬೇಕಿತ್ತು" ಎಂದ.

"ಯಾಕೆ?"

"ಅವನಿಗೆ ಒಂದು ಮಾತು ಹೇಳೋದಿತ್ತು."

ಮೇಷ್ಟ್ರು ಕುಂಚ ಕೆಳಗಿಟ್ಟರು. "ಇಲ್ಲೇ ಇದ್ದಾನೆ ಅಂದ್ಕೊಂಡು ಹೇಳಿ."

ಮೆಲಿದೊ ದೋಣಿಯ ತಳದಲ್ಲಿ ಬಿದ್ದಿದ್ದ ಮೀನಿನ ಕಡೆ ತಿರುಗಿ, ಆದಷ್ಟು ಮೆತ್ತಗೆ ಹೇಳಿದ. "ನೋಡು ಕರ್ನಲ್, ನಿನ್ನ ಯಜಮಾನರಿಗೆ ಹೇಳು. ಮರ ಒಂದು ಕೂದಲಷ್ಟು ಎಡಕ್ಕೆ ಬರಬೇಕು. ಹೋದ ಸಲವೂ ಬರಬೇಕಿತ್ತು."

ಮೇಷ್ಟ್ರು ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಅಳೆದರು. ಮತ್ತೆ ಅಳೆದರು. ಮೂರನೇ ಸಲ ಅಳೆಯುವಾಗ ಅವರ ಮುಖ ಬಿಳುಚಿಕೊಂಡಿತ್ತು. ಒಂದು ಕೂದಲು, ನಿಜ.

"ಹಾಗಿದ್ರೆ... ಅವತ್ತು ಅಂಗಡೀಲಿ ಎಲ್ಲರ ಮುಂದೆ ನಾನು ಹೇಳಿದ್ದು..."

"ಸುಳ್ಳಲ್ಲ ಕಂಪಾದ್ರೆ. ನೀವೆಲ್ಲಿ ಸುಳ್ಳು ಹೇಳ್ತೀರಿ."

"ನಿಮಗೆ ಮೊದಲೇ ಗೊತ್ತಿತ್ತಾ? ಹೇಳಬಾರದಿತ್ತಾ?"

"ಕಂಪಾದ್ರೆಗೆ ಮುಖದ ಮುಂದೆ ತಪ್ಪು ಅನ್ನೋದು ಹೇಗೆ? ಅಲ್ಲದೆ ಕೂದಲಷ್ಟು ಹತ್ತಿರ ಬಂದ ತೂಲಿಯೊಗೆ ಇವತ್ತಲ್ಲ ನಾಳೆ ಸಿಕ್ಕೇ ಸಿಗ್ತಿತ್ತು. ಮರ ದೂರ ಹೋಗಲೇಬೇಕಿತ್ತು." ಮೆಲಿದೊ ಗಾಳದ ದಾರ ಬೆರಳಿಗೆ ಸುತ್ತಿಕೊಂಡ. "ಒಂದು ಕೂದಲು ತಾನೇ. ನಮ್ಮಪ್ಪನಿಗೂ ಒಂದೊಂದು ದಿನ ಆಗ್ತಿತ್ತು."

ಮೇಷ್ಟ್ರಿಗೆ ಮೊದಲು ಕೋಪ ಬಂತು, ಆಮೇಲೆ ನಗು ಬಂತು, ನಗು ದೋಣಿಯನ್ನೇ ಅಲುಗಿಸಿತು. ಮೂವತ್ತು ವರ್ಷ ಊರಿಗೆಲ್ಲ ಸೊನ್ನೆ ಹಂಚಿದವರು ಬಟ್ಟೆಯ ತುದಿಯಿಂದ ಮರವನ್ನು ಒರೆಸಿದರು. ಕುಂಚವನ್ನು ಹಸಿರಿಗೆ ಅದ್ದಿ, ಹಿಂದೆ ನಿಂತವನ ಅಪ್ಪಣೆಗೆ ಕಾದರು.

"ಇಲ್ಲಿಯಾ?"

"ಇನ್ನೊಂಚೂರು ಎಡಕ್ಕೆ."

"ಇಲ್ಲಿ?"

"ಹೂಂ, ಅಲ್ಲೇ" ಎಂದ ಮೆಲಿದೊ. "ಮೀನು ಅಲ್ಲೇ ಇದೆ."